ನಮ್ಮ ಶಾಸನ ಗುಂಪಿಗೆ ಹೊಸಬರು ಬರುವ ದಾರಿ ಯಾವುದು?

ಕೆರೆ ಏರಿ, ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ಹಾಸನದಿಂದ ಬೇಲೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಫೋನಿನಲ್ಲಿ ಒಂದು ಶಾಸನದ ಫೋಟೊ ದೊಡ್ಡದು ಮಾಡಿ ನೋಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹುಡುಗಿ, "ಸರ್, ಇದನ್ನ ಓದೋಕೆ ಬರುತ್ತಾ ನಿಮಗೆ?" ಎಂದು ಕೇಳಿದಳು. ಬಿ.ಎ. ಎರಡನೇ ವರ್ಷ ಓದುತ್ತಿದ್ದಾಳೆ. ಜಾವಗಲ್ ಕಡೆಯ ಒಂದು ಹಳ್ಳಿ. ತನ್ನ ಫೋನಿನಲ್ಲಿದ್ದ ಫೋಟೊ ತೋರಿಸಿದಳು. ಅವರ ಊರ ಗುಡಿಯ ಮುಂದಿದ್ದ ಕಲ್ಲು. ಅದರಲ್ಲಿ ಏನು ಬರೆದಿದೆ ಎಂದು ಹೇಳುವವರನ್ನು ಎಂಟು ತಿಂಗಳಿಂದ ಹುಡುಕುತ್ತಿದ್ದಳಂತೆ.

ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಆ ಕಲ್ಲನ್ನು ನಮ್ಮ ಗುಂಪಿನವರು ಐದು ವರ್ಷದ ಹಿಂದೆಯೇ ಓದಿದ್ದರು. ಮೂರು ದಿನ ಚರ್ಚೆ ನಡೆದಿತ್ತು. ಎಲ್ಲಾ ವಾಟ್ಸಾಪಿನಲ್ಲಿ. ಆ ಓದನ್ನು ಅವಳಿಗೆ ಕೊಡೋಣ ಎಂದು ಅಲ್ಲೇ ಹುಡುಕಿದೆ. ಸಿಗಲಿಲ್ಲ. ನನ್ನ ಹಳೇ ಫೋನ್ ಹಾಳಾದಾಗ ಅದೂ ಹೋಗಿತ್ತು. ಗುಂಪಿನಲ್ಲಿ ಕೇಳಿದೆ, ಯಾರ ಹತ್ತಿರವೂ ಇರಲಿಲ್ಲ.

ಅಷ್ಟರಲ್ಲಿ ಅವಳ ಊರಲ್ಲಿ ಗುಡಿಯ ಜೀರ್ಣೋದ್ಧಾರ ಆಗಿದೆ. ಕಲ್ಲನ್ನು ಮೆಟ್ಟಿಲಿಗೆ ಹಾಕಿ ಸಿಮೆಂಟ್ ಬಳಿದಿದ್ದಾರೆ. ಬರಹದ ಮುಖ ಕೆಳಗೆ. "ಇದರಲ್ಲಿ ಇಂಥದ್ದು ಇದೆ ಅಂತ ಗೊತ್ತಿದ್ದಿದ್ರೆ ಊರವರಿಗೆ ಹೇಳ್ತಿದ್ದೆ ಸರ್" ಎಂದಳು. ಬೇಲೂರು ಬರುವವರೆಗೂ ನನಗೆ ಮಾತು ಹೊರಡಲಿಲ್ಲ.

ಮನೆಗೆ ಬಂದು ಒಂದು ಲೆಕ್ಕ ಹಾಕಿದೆ. ಎರಡು ವರ್ಷದಲ್ಲಿ ನಮ್ಮ ಗುಂಪಿಗೆ ಸೇರಿದ ಹೊಸಬರು ಏಳು ಜನ. ಏಳೂ ಜನ ನಮ್ಮಲ್ಲೇ ಯಾರದೋ ಸ್ನೇಹಿತರು, ನೆಂಟರು. ಯಾರ ಪರಿಚಯವೂ ಇಲ್ಲದೆ, ಬರೀ ಕಲ್ಲಿನ ಮೇಲಿನ ಆಸೆಯಿಂದ ಬಂದವರು ಒಬ್ಬರೂ ಇಲ್ಲ. "ಯಾರು ಬೇಕಾದರೂ ಸೇರಬಹುದು" ಎಂದು ನಾವು ಹೇಳುತ್ತಲೇ ಇರುತ್ತೇವೆ. ಆದರೆ ನಾವಿದ್ದೇವೆ ಎಂಬುದೇ ಗೊತ್ತಿಲ್ಲದವರು ಹೇಗೆ ಸೇರಬೇಕು?

ಹೊಯ್ಸಳರ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಬೇಲೂರು, ಹಳೇಬೀಡಿಗೆ ಕಾವಲಿದೆ, ಬೋರ್ಡಿದೆ, ಗೈಡ್ ಇದ್ದಾರೆ. ಊರ ಬಾಗಿಲ ವೀರಗಲ್ಲಿಗೆ, ಹೊಲದ ಬದುವಿನ ದಾನಶಾಸನಕ್ಕೆ ಯಾರಿದ್ದಾರೆ? ಆ ಊರಿನವರೇ. ಅವರಲ್ಲಿ ಒಬ್ಬರಿಗೆ ಕುತೂಹಲ ಹುಟ್ಟಿದ ದಿನ ನಾವು ಕಣ್ಣಿಗೆ ಬೀಳಬೇಕು.

ಅದಕ್ಕೇ ಇದನ್ನು ಗುಂಪಿನ ಒಳಗೆ ಹಾಕದೆ ಎಲ್ಲರಿಗೂ ಕಾಣುವ ಕಡೆ ಹಾಕಿದ್ದೇನೆ. ನಮ್ಮ ಹಳೇ ಓದುಗಳನ್ನೆಲ್ಲ ಹೀಗೆಯೇ ತೆರೆದ ಜಾಗಕ್ಕೆ ತರೋಣ ಎಂಬುದು ನನ್ನ ಆಸೆ. ನೀವೇನಂತೀರಿ?

ಬಾಣಾವರದ ಹಳಬ

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಗುಂಪಿನ ಬಾಗಿಲು ಮುಚ್ಚಿದ್ದು ಯಾಕೆ ಎಂಬುದು ಹೊಸಬರಿಗೂ ಗೊತ್ತಾಗಲಿ.

ಮೊದಲು ಗುಂಪಿಗೆ ಸೇರುವ ನಮ್ಮ ಲಿಂಕ್ ಎಲ್ಲ ಕಡೆ ಓಡಾಡುತ್ತಿತ್ತು. ಆಗ ನಾನು ಒಂದು ವೀರಗಲ್ಲಿನ ಫೋಟೊ ಹಾಕಿದೆ, ಜೊತೆಗೆ ಮ್ಯಾಪಿನ ಪಿನ್ನೂ ಹಾಕಿದೆ. ಹುಣಸೆ ಮರದ ಕೆಳಗೆ ನಿಂತಿದ್ದ ಕಲ್ಲು. ಹದಿನೈದು ದಿನದಲ್ಲಿ ಅದರ ಬುಡ ಅಗೆದಿದ್ದರು. ಎದೆಮಟ್ಟದ ಗುಂಡಿ. ಸುತ್ತ ನಿಂಬೆಹಣ್ಣು, ಕುಂಕುಮ. ಕಲ್ಲು ಮಗುಚಿ ಎರಡು ತುಂಡಾಗಿತ್ತು. ಬರಹದ ಕಲ್ಲಿನ ಕೆಳಗೆ ನಿಧಿ ಇರುತ್ತದೆ ಎಂದು ನಂಬುವವರು ಈಗಲೂ ಇದ್ದಾರೆ. ಸೂರ್ಯ ಚಂದ್ರನನ್ನು ಕೆತ್ತಿದ್ದರೆ ಅದೇ ನಿಧಿಯ ಗುರುತು ಅನ್ನುತ್ತಾರೆ.

ಆ ಹೊಲದ ಯಜಮಾನರು ನನ್ನನ್ನು ಕೂರಿಸಿ ಕಾಫಿ ಕೊಟ್ಟು ಕಲ್ಲು ತೋರಿಸಿದ್ದರು. ಅವರಿಗೆ ನಾನು ಹೇಗೆ ಮುಖ ತೋರಿಸಲಿ? ಲಿಂಕ್ ತೆಗೆಸಿದವನು ನಾನೇ. ಇವತ್ತು ಕೇಳಿದರೂ ತೆಗೆಸು ಎಂದೇ ಹೇಳುತ್ತೇನೆ.

ಜಾವಗಲ್ ಬಸ್

ನಮಸ್ಕಾರ. ಬಸ್ಸಿನಲ್ಲಿ ಸಿಕ್ಕ ಹುಡುಗಿ ನಾನೇ. ಸರ್ ಈ ಲಿಂಕ್ ಕಳಿಸಿದರು. ಬರೆಯಬಹುದಾ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಎಂಟು ತಿಂಗಳು ನಾನು ಏನೇನು ಹುಡುಕಿದೆ ಅಂತ ಹೇಳುತ್ತೇನೆ. 'ಶಾಸನ' ಅನ್ನೋ ಪದ ಪಾಠದಲ್ಲಿ ಓದಿದ್ದೆ, ಆದರೆ ನಮ್ಮ ಊರಿನ ಕಲ್ಲೂ ಶಾಸನ ಅಂತ ಹೊಳೆದಿರಲಿಲ್ಲ. ಅಜ್ಜಿ ಅದನ್ನು 'ಬರ್ದಿರೋ ಕಲ್ಲು' ಅನ್ನುತ್ತಾರೆ. ಅದಕ್ಕೆ 'ಬರೆದಿರೋ ಕಲ್ಲು' ಅಂತ ಹಾಕಿದೆ. 'ಹಳೇ ಕನ್ನಡ ಕಲ್ಲು ಓದೋದು ಹೇಗೆ' ಅಂತ ಹಾಕಿದೆ. 'ಕಲ್ಲಿನ ಮೇಲೆ ಸೂರ್ಯ ಚಂದ್ರ ಹಸು' ಅಂತ ಹಾಕಿದೆ.

ಬಂದಿದ್ದು ನಿಧಿಯ ವಿಡಿಯೊಗಳು. ಹಸು ಯಾವ ಕಡೆ ಮುಖ ಮಾಡಿದೆಯೋ ಆ ಕಡೆ ಅಗೆಯಬೇಕು ಅಂತ ಒಬ್ಬರು ಹೇಳುತ್ತಿದ್ದರು. ಅದು ಸುಳ್ಳು ಅಂತ ಹೇಳುವ ಒಂದೇ ಒಂದು ವಿಡಿಯೊ, ಒಂದು ಬರಹ ನನಗೆ ಸಿಗಲಿಲ್ಲ. ನನ್ನ ತಮ್ಮ ಅದನ್ನು ನೋಡಿ ಅರ್ಧ ನಂಬಿದ್ದ.

ಮೇಲೆ ಬರೆದಿರುವ ಸರ್ ಹೇಳಿದ್ದು ಓದಿ ಬೇಜಾರಾಯಿತು. ಆದರೆ ಕಲ್ಲು ಅಗೆಯುವವರು ನನಗೆ ಐದು ನಿಮಿಷದಲ್ಲಿ ಸಿಕ್ಕಿದರು. ಕಲ್ಲು ಓದುವವರು ಎಂಟು ತಿಂಗಳಾದರೂ ಸಿಗಲಿಲ್ಲ.

ಇನ್ನೊಂದು ಕೇಳಬಹುದಾ? ಸೂರ್ಯ, ಚಂದ್ರ, ಹಸು ನಿಜವಾಗಿ ಯಾಕೆ ಇರುತ್ತೆ?

ಟೀಚರಮ್ಮ, ಅರಕಲಗೂಡು

ಕೇಳಮ್ಮ, ಧಾರಾಳವಾಗಿ ಕೇಳು.

ಸೂರ್ಯ ಚಂದ್ರ ಎಂದರೆ, ಅವರಿಬ್ಬರು ಇರುವವರೆಗೂ ಈ ದಾನ ನಡೆಯಲಿ ಎಂದು. ಶಾಸನದಲ್ಲೇ 'ಆಚಂದ್ರಾರ್ಕ' ಎಂಬ ಮಾತು ಬರುತ್ತದೆ. ಹಾಲು ಕುಡಿಯುವ ಕರುವಿನ ಜೊತೆ ಹಸು ಇದ್ದರೆ ಸಾಮಾನ್ಯವಾಗಿ ಅದು ದಾನದ ಕಲ್ಲು. ಕೊನೆಯಲ್ಲಿ ಒಂದು ಶಾಪವೂ ಇರುತ್ತದೆ. ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು. ನಿಧಿ ಗಿಧಿ ಏನೂ ಇಲ್ಲ. ಅದು ಊರಿನ ಜಮೀನಿನ ಪತ್ರ, ಅಷ್ಟೇ. ವೀರಗಲ್ಲು ಬೇರೆ. ಅದರಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಹೋರಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ನಿನ್ನ ತಮ್ಮನಿಗೆ ಇದನ್ನು ತೋರಿಸು.

ಈಗ ದೊಡ್ಡವರಿಗೆ ಒಂದು ಮಾತು. ಈ ಹುಡುಗಿ ಕೇಳಿದ ಪ್ರಶ್ನೆ ನಮ್ಮ ಗುಂಪಿನಲ್ಲಿ ಬಂದಿದ್ದರೆ ಏನಾಗುತ್ತಿತ್ತು? "ಮೊದಲು ಎ.ಕ. ನೋಡಿ" ಎಂದು ಒಂದು ಸಾಲು ಬರುತ್ತಿತ್ತು. ನಾನು ಸೇರಿದ ವಾರ ನನಗೂ ಅದೇ ಉತ್ತರ ಸಿಕ್ಕಿತ್ತು. ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಎ.ಕ. ಎಂದರೆ ಎಪಿಗ್ರಾಫಿಯಾ ಕರ್ನಾಟಿಕಾ, ಅಂದರೆ ಶಾಸನಗಳನ್ನು ಅಚ್ಚು ಹಾಕಿದ ಸಂಪುಟಗಳು ಎಂದು ನನಗೇ ತಿಳಿಯಲಿಲ್ಲ, ಕೇಳಲು ಸಂಕೋಚ. ಆಮೇಲೆ 'ಎ.ಕ. 5' ಎಂದು ಹುಡುಕಿದರೆ ಮೈಸೂರು ಜಿಲ್ಲೆಯ ಸಂಪುಟ ಸಿಕ್ಕಿತು! ಈ ಸಂಪುಟಗಳನ್ನು ಮೊದಲು ಹೊರತಂದ ಬಿ.ಎಲ್. ರೈಸ್ ಅವರ 1902ರ 5ನೇ ಸಂಪುಟ ಹಾಸನ ಜಿಲ್ಲೆಯದು. ಮೈಸೂರು ವಿಶ್ವವಿದ್ಯಾಲಯದ ಹೊಸ ಪರಿಷ್ಕರಣೆಯಲ್ಲಿ ನಂಬರುಗಳೆಲ್ಲ ಬದಲಾಗಿವೆ. ಇದನ್ನು ಯಾರೂ ಹೇಳಿರಲಿಲ್ಲ. ಎರಡು ವಾರ ತಪ್ಪು ಪುಸ್ತಕ ಓದಿದೆ.

ಇನ್ನು ಭಾನುವಾರದ ಸುತ್ತಾಟ. ಶನಿವಾರ ರಾತ್ರಿ ಹತ್ತು ಗಂಟೆಗೆ "ನಾಳೆ ಬೆಳಿಗ್ಗೆ ಆರಕ್ಕೆ" ಎಂದು ಸಂದೇಶ ಬರುತ್ತದೆ. ಬೈಕ್ ಇರುವ ಗಂಡಸರು ಹೋಗುತ್ತಾರೆ. ಹೆಣ್ಣುಮಕ್ಕಳು, ಬಸ್ಸಿನವರು ಉಳಿಯುತ್ತಾರೆ. ಇದಕ್ಕೆ ಯಾವ ಕಂಪ್ಯೂಟರಿನ ವಿದ್ಯೆಯೂ ಬೇಡ. ನಾಲ್ಕು ದಿನ ಮುಂಚೆ ಹೇಳಿ, ಬಸ್ ಯಾವುದು ಎಂದು ಬರೆಯಿರಿ, ಸಾಕು.

ಕೀಲಿಮಣೆ, ಚಿಕ್ಕಮಗಳೂರು

ಟೀಚರಮ್ಮ ಹೇಳಿದ್ದರ ಮೇಲೆ ನನ್ನದು ಬರೀ ತಾಂತ್ರಿಕ ಮಾತು.

ನಮ್ಮ ಹಳೇ ಓದುಗಳು ಮೂರು ರೂಪದಲ್ಲಿವೆ. ಒಂದಿಷ್ಟು ಕೈಬರಹದ ಫೋಟೊ. ಒಂದಿಷ್ಟು ವಾಟ್ಸಾಪ್ ಸಂದೇಶ. ಮುಖ್ಯವಾದವು 'ನುಡಿ' ಎಂಬ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳು. ಈ ಮೂರನೆಯದು ಮೋಸದ್ದು. ನೋಡಲು ಕನ್ನಡವಾಗಿ ಕಾಣುತ್ತದೆ, ಆದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳು. ಅದನ್ನು ಹಾಗೇ ಇಂಟರ್ನೆಟ್ಟಿಗೆ ಹಾಕಿದರೆ 'ಗಾವುಂಡ' (ಊರ ಗೌಡ) ಎಂದು ಹುಡುಕಿದವರಿಗೆ ಎಂದೂ ಸಿಗುವುದಿಲ್ಲ. ಕನ್ನಡ ಕನ್ನಡವಾಗಿಯೇ ಉಳಿಯುವ ಯೂನಿಕೋಡಿಗೆ ಬದಲಿಸಲೇಬೇಕು. ಬದಲಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಆದರೆ ಅರ್ಕಾವೊತ್ತು ಎಡವಟ್ಟಾಗುತ್ತದೆ, ಒಂದೊಂದು ಸಾಲನ್ನೂ ಕಣ್ಣಿಟ್ಟು ನೋಡಬೇಕು.

ಎರಡನೆಯದು, ಪ್ರತಿ ಓದಿನ ಮೇಲೆ ಎರಡು ಬಗೆಯ ಪದ ಇರಲಿ. ನಮ್ಮ ಪದ, ಊರವರ ಪದ. 'ದಾನಶಾಸನ' ಎಂದು ಬರೆದ ಕಡೆಯೇ 'ಬರೆದಿರುವ ಕಲ್ಲು, ಸೂರ್ಯ ಚಂದ್ರ ಹಸು ಇರುವ ಕಲ್ಲು' ಎಂದೂ ಇರಲಿ. ಸತಿ ಹೋದವಳ ನೆನಪಿನ 'ಮಾಸ್ತಿಕಲ್ಲು' ಜೊತೆಗೆ 'ಮಾಸ್ತಮ್ಮ'. ಆ ತಂಗಿ ಏನೆಂದು ಹುಡುಕಿದ್ದಳೋ ಆ ಸಾಲುಗಳನ್ನೇ ನಾನು ಬರೆದಿಟ್ಟುಕೊಂಡಿದ್ದೇನೆ. ನಾವು ಹತ್ತು ಜನ ಕೂತು ಯೋಚಿಸಿದ್ದರೂ ಅದು ಹೊಳೆಯುತ್ತಿರಲಿಲ್ಲ.

ಫೋಟೊಗಳಿಗೆ ವಿಕಿಪೀಡಿಯದವರ ತೆರೆದ ಫೋಟೊ ಭಂಡಾರ ವಿಕಿಮೀಡಿಯಾ ಕಾಮನ್ಸ್ ಒಳ್ಳೆಯದು. ಪ್ರತಿ ಫೋಟೊಗೂ ಅದರದೇ ಪುಟ, ಕನ್ನಡದಲ್ಲೇ ವಿವರ ಬರೆಯಬಹುದು. ಮಾತುಕತೆಗೆ ಬೇಕಾದರೆ ಟೆಲಿಗ್ರಾಮಿನಲ್ಲಿ ಸಾರ್ವಜನಿಕ ಗುಂಪು ಮಾಡಬಹುದು, ಸೇರುವ ಮುಂಚೆಯೇ ಹಳೇ ಮಾತುಕತೆ ಓದಬಹುದು. ವಾಟ್ಸಾಪ್ ಗುಂಪು ಇರಲಿ. ಬಸ್ ಟೈಮ್ ಹೇಳುವುದಕ್ಕೆ ಅದರಷ್ಟು ಸುಲಭದ್ದು ಬೇರೆ ಇಲ್ಲ.

ಎರಡನೇ ಓದು

ಒಂದು ಎಚ್ಚರಿಕೆ. ಯಾವ ಜಾಗವನ್ನೂ ಶಾಶ್ವತ ಎಂದುಕೊಳ್ಳಬೇಡಿ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಗೂಗಲ್ ಪ್ಲಸ್ 2019ರ ಏಪ್ರಿಲ್ 2ಕ್ಕೆ. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ಕ್ಕೆ. ಎಷ್ಟೋ ಹವ್ಯಾಸಿ ಗುಂಪುಗಳು ಅಲ್ಲಿದ್ದವು.

ನನ್ನ ಸ್ವಂತ ಕಥೆ ಇನ್ನೂ ಚಿಕ್ಕದು. ಹದಿನೈದು ವರ್ಷದ ಹಿಂದೆ ನಾವು ಐದು ಜನ ಸೇರಿ ಬೇಲೂರು ತಾಲ್ಲೂಕಿನ ಕಲ್ಲುಗಳ ಪಟ್ಟಿ ಮಾಡಿದ್ದೆವು. ನನ್ನ ಕಂಪ್ಯೂಟರಿನಲ್ಲೇ ಇಟ್ಟಿದ್ದೆ. ಹಾರ್ಡ್ ಡಿಸ್ಕ್ ಹೋಯಿತು, ಪಟ್ಟಿಯೂ ಹೋಯಿತು. ಬೇರೆಯವರಿಗೆ ಕೊಟ್ಟಿದ್ದರೆ ಉಳಿಯುತ್ತಿತ್ತು. "ಪೂರ್ತಿ ಸರಿಯಾಗಲಿ, ಆಮೇಲೆ ಹೊರಗೆ ಹಾಕೋಣ" ಎಂದು ಕಾದೆ. ಆ ತಪ್ಪನ್ನು ಯಾರೂ ಮಾಡಬೇಡಿ. ರೈಸ್ ಅವರ ಹಳೇ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಇವತ್ತೂ ಸಿಗುತ್ತವೆ. ಯಾಕೆಂದರೆ ಆ ಪುಸ್ತಕಗಳು ಹತ್ತಾರು ಕಡೆ ಇದ್ದವು.

ಬಾಣಾವರದ ಹಳಬ

ಹುಡುಗಿ ಬರೆದದ್ದನ್ನು ನಿನ್ನೆಯಿಂದ ನಾಲ್ಕು ಸಲ ಓದಿದೆ. ನಿಧಿಯವರು ಐದು ನಿಮಿಷದಲ್ಲಿ ಸಿಗುತ್ತಾರೆ ಎಂಬ ಮಾತು ನನಗೆ ಚುಚ್ಚಿದೆ. ನಾವು ಮೌನವಾಗಿದ್ದರೆ ಕಲ್ಲು ಉಳಿಯುತ್ತದೆ ಎಂದುಕೊಂಡಿದ್ದೆ.

ಆದರೂ ಜಾಗದ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಓದು ಎಲ್ಲರಿಗೂ ಸಿಗಲಿ, ಒಪ್ಪಿದೆ. ಪಿನ್ ಮಾತ್ರ ಬೇಡ.

ಮೂಡಿಗೆರೆ ಮಂಗಟ್ಟೆ

ನಾನು ಶಾಸನದವನಲ್ಲ, ಹಕ್ಕಿ ನೋಡುವವನು. ಈ ಚರ್ಚೆ ನಮ್ಮಲ್ಲೂ ಆಗಿತ್ತು, ಅದಕ್ಕೆ ಬರೆಯುತ್ತಿದ್ದೇನೆ.

ಮಂಗಟ್ಟೆ ಹೆಣ್ಣು ಮರದ ಪೊಟರೆ ಒಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ. ಸಣ್ಣ ಸೀಳು ಮಾತ್ರ ಬಿಟ್ಟಿರುತ್ತದೆ. ಗಂಡು ಅದರಲ್ಲಿ ಹಣ್ಣು ತಂದು ಕೊಡುತ್ತದೆ. ಆ ಗೂಡಿನ ಜಾಗ ಹೊರಗೆ ಬಂದರೆ ಮುಂದಿನ ಭಾನುವಾರ ಇಪ್ಪತ್ತು ಕ್ಯಾಮೆರಾ ನಿಲ್ಲುತ್ತವೆ, ಗಂಡು ಹತ್ತಿರ ಬರಲು ಹೆದರುತ್ತದೆ. ಅದಕ್ಕೆ ಗೂಡಿನ ವಿಷಯ ನಾವು ಬಾಯಿ ಬಿಡುವುದಿಲ್ಲ. ಹಾಗಂತ ಹಕ್ಕಿಯ ಪಟ್ಟಿಯನ್ನು ಮುಚ್ಚಿಟ್ಟಿಲ್ಲ. ನೋಡಿದ ಹಕ್ಕಿಗಳನ್ನು ದಾಖಲಿಸುವ ಈಬರ್ಡ್ ತಾಣದಲ್ಲಿ ಯಾರು ಬೇಕಾದರೂ ಹಾಕಬಹುದು, ಯಾರು ಬೇಕಾದರೂ ನೋಡಬಹುದು. ಅಪಾಯ ಇರುವ ಹಕ್ಕಿಗಳ ಜಾಗವನ್ನು ಅದೇ ಮರೆಮಾಡುತ್ತದೆ. ಕಂಡ ಗಿಡ, ಪ್ರಾಣಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ತಾಣದಲ್ಲಿ ಜಾಗ ಮಸುಕು ಮಾಡಿದರೆ ಸರಿಯಾದ ಪಿನ್ ಬದಲು ಸುಮಾರು 22 ಕಿ.ಮೀ. ಉದ್ದಗಲದ ಚೌಕದಲ್ಲಿ ಎಲ್ಲೋ ಒಂದು ಕಡೆ ಚುಕ್ಕಿ ತೋರಿಸುತ್ತದೆ. ಹಕ್ಕಿ ಯಾವುದು, ಯಾವ ತಿಂಗಳು, ಯಾವ ಕಡೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಮರ ಯಾವುದು ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ನಿಮ್ಮ ಕಲ್ಲಿಗೂ ಹಾಗೇ ಮಾಡಬಹುದಲ್ವಾ? ಹೋಬಳಿವರೆಗೆ ಹೇಳಿ, ಹುಣಸೆ ಮರ ಹೇಳಬೇಡಿ.

ಕೆರೆ ಏರಿ, ಹಾಸನ

ಇದು ನನಗೆ ಹಿಡಿಸಿತು. ಒಂದು ವ್ಯತ್ಯಾಸ ಮಾತ್ರ. ರೈಸ್ ಸಂಪುಟದಲ್ಲಿ ಆಗಲೇ ಅಚ್ಚಾದ ಶಾಸನಗಳ ಊರಿನ ಹೆಸರು 1902ರಿಂದಲೇ ಹೊರಗಿದೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಮುಚ್ಚಿಟ್ಟರೆ ಆ ಊರಿನ ಮಕ್ಕಳಿಗೇ ಸಿಗುವುದಿಲ್ಲ. ಹೊಸದಾಗಿ ಸಿಕ್ಕ ಕಲ್ಲಿಗೆ ಹೋಬಳಿ ಸಾಕು. ಜಮೀನಿನವರನ್ನು ಕೇಳದೆ ಫೋಟೊ ಕೂಡ ಬೇಡ.

ಹೊಸ ಕಲ್ಲು ಸಿಗುವುದೂ ಹೊಸ ಕಣ್ಣಿನಿಂದಲೇ. ಶ್ರವಣಬೆಳಗೊಳದಲ್ಲಿ ರೈಸ್ 1889ರಲ್ಲಿ ಪ್ರಕಟಿಸಿದ್ದು 144 ಶಾಸನ. ಆರ್. ನರಸಿಂಹಾಚಾರ್ 1923ರಲ್ಲಿ ಅದನ್ನು 500 ಮಾಡಿದರು. 1973ರ ಪರಿಷ್ಕರಣೆಯಲ್ಲಿ 573. ಅದೇ ಬೆಟ್ಟ, ಅದೇ ಬಂಡೆ. ಹಲ್ಮಿಡಿಯಂಥ ಶಾಸನ ಎಂ.ಎಚ್. ಕೃಷ್ಣ ಅವರಿಗೆ ಸಿಕ್ಕಿದ್ದು 1936ರಲ್ಲಿ, ಹಾಸನದ ಸಂಪುಟ ಅಚ್ಚಾಗಿ ಮೂವತ್ತು ವರ್ಷ ದಾಟಿದ ಮೇಲೆ. ನಾವು ಹಳಬರು ನೋಡಿದ ಕಲ್ಲನ್ನೇ ಮತ್ತೆ ಮತ್ತೆ ನೋಡುತ್ತಿದ್ದೇವೆ.

ಬಾಣಾವರದ ಹಳಬ

ಹೋಬಳಿ ಮಟ್ಟಕ್ಕೆ ಒಪ್ಪಿಗೆ. ಫೋಟೊ ಹಾಕುವ ಮುಂಚೆ ಅದರೊಳಗೆ ಕೂತಿರುವ ಜಾಗದ ಮಾಹಿತಿಯನ್ನೂ ತೆಗೆಯಬೇಕು. ಅದನ್ನು ಯಾರಾದರೂ ನನಗೆ ಕಲಿಸಿಕೊಡಿ.

ಇನ್ನೊಂದು ಚಿಂತೆ. ಹೊಸಬರು ಜಾಸ್ತಿ ಬಂದರೆ ಅದೇ ಪ್ರಶ್ನೆ ದಿನಾ ಬರುತ್ತದೆ. ಉತ್ತರ ಹೇಳುವವರು ನಾವು ನಾಲ್ಕೈದು ಜನ. ಸುಸ್ತಾಗಿಯೇ "ಎ.ಕ. ನೋಡಿ" ಎಂದು ಬರೆಯುತ್ತಿದ್ದೆ. ಟೀಚರಮ್ಮನವರೇ, ಆ ಉತ್ತರ ಕೊಟ್ಟವನು ನಾನೇ ಇರಬೇಕು. ಕ್ಷಮಿಸಿ.

ಟೀಚರಮ್ಮ, ಅರಕಲಗೂಡು

ಅಯ್ಯೋ, ಬಿಡಿ ಸರ್. ನೀವೇ ಆಮೇಲೆ ನನಗೆ ಹೊಯ್ಸಳರ ಕಾಲದ 'ಮ', 'ವ' ಬೇರೆ ಮಾಡಿ ಓದುವುದನ್ನು ಹೇಳಿಕೊಟ್ಟಿದ್ದು. ಅದನ್ನು ಮರೆಯುತ್ತೇನೆಯೇ?

ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ನಾನು ಒಂದು ಪುಟ ಬರೆದುಕೊಡುತ್ತೇನೆ. ಹತ್ತನೇ ಕ್ಲಾಸಿನ ಮಗುವಿಗೆ ಹೇಳುವ ಹಾಗೆ. ಎ.ಕ. ಎಂದರೇನು, ಹಳೇ ಸಂಪುಟ ಹೊಸ ಸಂಪುಟ ಯಾವುದು, ಫೋಟೊ ಹೇಗೆ ತೆಗೆಯುವುದು. ಮಧ್ಯಾಹ್ನದ ಬಿಸಿಲಲ್ಲಿ ತೆಗೆಯಬೇಡಿ, ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ತೆಗೆಯಿರಿ. ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಸುಣ್ಣ ಪೇಂಟ್ ಬಳಿಯಬೇಡಿ. ನೀರು, ಮೆತ್ತಗಿನ ಬ್ರಷ್ ಸಾಕು. ಸೂರ್ಯ ಚಂದ್ರ ಹಸು ಎಲ್ಲಕ್ಕಿಂತ ಮೇಲೆ ಇರಲಿ, ನಿಧಿ ಇಲ್ಲ ಎಂದು ದಪ್ಪ ಅಕ್ಷರದಲ್ಲಿ. ಅದನ್ನೇ ಅಚ್ಚು ಹಾಕಿಸಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಅಂಟಿಸೋಣ. ಅರಕಲಗೂಡು ಕಡೆಯದು ನನ್ನ ಜವಾಬ್ದಾರಿ.

ಕೀಲಿಮಣೆ, ಚಿಕ್ಕಮಗಳೂರು

ಕಡೂರು, ತರೀಕೆರೆ ಕಡೆ ನಾನು ಅಂಟಿಸುತ್ತೇನೆ. ನುಡಿ ಫೈಲುಗಳನ್ನು ಕಳಿಸಿ, ಬದಲಿಸಲು ಶುರು ಮಾಡುತ್ತೇನೆ. ತಿದ್ದಲು ಇನ್ನಿಬ್ಬರು ಬೇಕು.

ಹಳಬ ಸರ್, ಫೋಟೊ ವಿಷಯ ಸುಲಭ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಜಾಗದ ಮಾಹಿತಿ ಹೋಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಕ್ಯಾಮೆರಾದಲ್ಲೇ ಲೊಕೇಶನ್ ಆಫ್ ಮಾಡಿದರೆ ಇನ್ನೂ ಒಳ್ಳೆಯದು. ಭಾನುವಾರ ತೋರಿಸುತ್ತೇನೆ.

ಜಾವಗಲ್ ಬಸ್

ತಿದ್ದುವುದಕ್ಕೆ ನಾನು ಬರಬಹುದಾ? ಹಳೆಗನ್ನಡ ಅಷ್ಟು ಬರಲ್ಲ, ಆದರೆ ಒತ್ತಕ್ಷರ ತಪ್ಪಿದ್ದರೆ ಗೊತ್ತಾಗುತ್ತೆ.

ಕೀಲಿಮಣೆ, ಚಿಕ್ಕಮಗಳೂರು

ಖಂಡಿತ ಬನ್ನಿ. ಅಷ್ಟು ಬಂದರೆ ಸಾಕು.

ಬಾಣಾವರದ ಹಳಬ

ಎರಡು ದಿನ ಅಟ್ಟದ ಮೇಲೆ ಹುಡುಕಿದೆ. ಆ ವರ್ಷದ ನನ್ನ ನೋಟ್ ಬುಕ್ ಸಿಕ್ಕಿತು. ಜಾವಗಲ್ ಕಡೆಯ ಆ ಕಲ್ಲನ್ನು ನಾನು ಕೈಯಲ್ಲಿ ನಕಲು ಮಾಡಿಕೊಂಡಿದ್ದೆ. ಒಟ್ಟು 14 ಸಾಲು. ಮೇಲಿನ ಎರಡು ಸಾಲು ಸವೆದಿದೆ. ಮಗಳ ಕೈಲಿ ಯೂನಿಕೋಡಿನಲ್ಲಿ ಟೈಪ್ ಮಾಡಿಸುತ್ತಿದ್ದೇನೆ, ರಾತ್ರಿ ಇಲ್ಲೇ ಹಾಕುತ್ತೇನೆ.

ಸದ್ಯಕ್ಕೆ ಸಾರಾಂಶ ಇಷ್ಟು. ಊರ ಗಾವುಂಡರು ಸೇರಿ ಗುಡಿಯ ನಂದಾದೀವಿಗೆಯ ಎಣ್ಣೆಗೆಂದು ಕೆರೆಯ ಕೆಳಗಿನ ಗದ್ದೆ ಬಿಟ್ಟಿದ್ದಾರೆ. ಕೊನೆಗೆ ಶಾಪ. ನಾಲ್ಕನೇ ಸಾಲಿನ ಒಂದು ಪದ ಅವತ್ತೂ ಬಗೆಹರಿದಿರಲಿಲ್ಲ. ನಾನು 'ಗದ್ಯಾಣ' (ಆಗಿನ ಚಿನ್ನದ ನಾಣ್ಯ) ಎಂದಿದ್ದೆ, ಬೇರೆಯವರು ಒಪ್ಪಿರಲಿಲ್ಲ.

ಜಾವಗಲ್ ಬಸ್

ಸರ್, ಆ ದೀಪಕ್ಕೆ ಎಣ್ಣೆ ಕೊಡುವ ಸರದಿ ನಮ್ಮ ಊರಲ್ಲಿ ಈಗಲೂ ಇದೆ. ಮನೆಗೆ ಒಂದು ವಾರ. ಹೋದ ವಾರ ನಮ್ಮ ಮನೆಯದೇ ಇತ್ತು. ಅಜ್ಜಿಗೆ ಓದಿ ಹೇಳಿದೆ, ಇನ್ನೊಂದು ಸಲ ಓದು ಅಂದರು. ನಾಳೆ ಅಪ್ಪ ಗುಡಿ ಸಮಿತಿಯವರ ಹತ್ತಿರ ಮಾತಾಡುತ್ತಾರಂತೆ, ಆ ಮೆಟ್ಟಿಲು ಬಿಚ್ಚಬಹುದಾ ಅಂತ.

ಸಿಮೆಂಟ್ ಹಾಕುವ ಮುಂಚೆ ಹತ್ತಿರದಿಂದ ತೆಗೆದ ಫೋಟೊ ಒಂದಿದೆ. ನಾಲ್ಕನೇ ಸಾಲು ಅದರಲ್ಲಿ ಚೆನ್ನಾಗಿ ಕಾಣುತ್ತೆ. ಇಲ್ಲಿ ಹಾಕಲಾ?

ಬಾಣಾವರದ ಹಳಬ

ಹಾಕಮ್ಮ.